ಎಂಜಿನ್ ತೇಗುವ ತನಕ

ಅವಳನ್ನು ಎಲ್ಲರೂ ಕರೆಯುವುದು ನಿಲ್ಸಮ್ಮ ಅಂತಲೇ. ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದು ಬ್ಯಾಂಕಿನವರಿಗೆ ಗೊತ್ತು, ಗಂಡನಿಗೆ ಗೊತ್ತು, ಗಂಡನೂ ಅದನ್ನು ಬಳಸುವುದಿಲ್ಲ. ನಿಲ್ಸಮ್ಮ ಅನ್ನುವ ಹೆಸರು ಬಿದ್ದದ್ದು ಬಸ್ ಡಿಪೋದಲ್ಲಿ. ಆಗ ಅವಳಿಗೆ ಪ್ರಾಯ, ಕೈಯಲ್ಲಿ ಸ್ಪ್ಯಾನರು, ಮೂಗಿನ ತುದಿಯಲ್ಲಿ ಕೋಪ. ಬ್ರೇಕು ಸರಿಯಾಗಿ ಹಿಡಿಯದ ಬಸ್ಸೊಂದನ್ನು ಮ್ಯಾನೇಜರು ‘ಇವತ್ತೊಂದಿನ ಓಡಲಿ ಬಿಡು’ ಅಂತ ರಸ್ತೆಗೆ ಬಿಡಲು ಹೊರಟಾಗ, ಇವಳು ಹೋಗಿ ಮುಂದಿನ ಚಕ್ರಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಅವಳನ್ನು ನೋಡಿ ಇನ್ನೊಬ್ಬ ಕೂತ. ಅವನನ್ನು ನೋಡಿ ಮತ್ತೊಬ್ಬ. ಊಟದ ಹೊತ್ತಿಗೆ ಇಡೀ ಡಿಪೋ ಕೂತಿತ್ತು. ಬಸ್ಸು ನಿಂತಿತು, ಬ್ರೇಕು ರಿಪೇರಿಯಾಯಿತು, ಅವಳ ಕೆಲಸ ಹೋಯಿತು. ಜೊತೆಗೆ ಕೂತವರು ಒಬ್ಬೊಬ್ಬರಾಗಿ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡು ಕೆಲಸಕ್ಕೆ ಹೋದರು. ಅವಳು ಯಾರನ್ನೂ ಬೈಯಲಿಲ್ಲ. ಅವರ ಮನೆಯಲ್ಲೂ ಒಲೆ ಹೊತ್ತಬೇಕಲ್ಲ ಅಂದಳು, ಅಷ್ಟೇ.

ಆಮೇಲೆ ಬಂದದ್ದು ಈ ಫ್ಲೈಯಿಂಗ್ ಕ್ಲಬ್ಬಿಗೆ. ಊರಾಚೆ ಒಂದು ಬಯಲು, ಬಯಲಿನ ನಡುವೆ ಉದ್ದಕ್ಕೆ ಟಾರು ಬಳಿದ ಪಟ್ಟಿ, ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿಗೆ ಅಂಟಿಕೊಂಡಂತೆ ತಗಡಿನದೇ ಗೋಡೆಯ ಆಫೀಸು. ಒಳಗಿರುವ ವಿಮಾನಕ್ಕೆ ಕಾಗದದಲ್ಲಿ ಲೈಟ್ ಸ್ಪೋರ್ಟ್ ಅಂತ ಹೆಸರು. ಎರಡೇ ಸೀಟು, ಒಂದೇ ಎಂಜಿನ್, ಮೂಗಿನ ಮೇಲೊಂದು ಪ್ರೊಪೆಲ್ಲರ್. ಕ್ಲಬ್ಬಿನವರು ಪ್ರೊಪೆಲ್ಲರ್ ಅನ್ನುವುದನ್ನು ಇವಳು ಫ್ಯಾನು ಅನ್ನುತ್ತಾಳೆ. ಇಬ್ಬರು ಸೇರಿದರೆ ಇಡೀ ವಿಮಾನವನ್ನು ತರಕಾರಿ ಗಾಡಿಯ ಹಾಗೆ ತಳ್ಳಿಕೊಂಡು ಹೋಗಬಹುದು. ಅವಳು ಅದಕ್ಕೆ ಬೇಕಾದ ಪರೀಕ್ಷೆ ಬರೆದು, ಲೈಸೆನ್ಸು ತಗೊಂಡು, ಅದರ ಎಂಜಿನ್ನಿನ ಯಜಮಾನಿಯಾಗಿ ಕೂತು ಬಹಳ ವರ್ಷವಾಯಿತು.

ನೂರು ಗಂಟೆ ಹಾರಿದ ಮೇಲೆ ಆ ಎಂಜಿನ್ನನ್ನು ಬಿಚ್ಚಿ ನೋಡಲೇಬೇಕು ಅಂತ ಕಟ್ಟಳೆ. ಚೆನ್ನಾಗಿಯೇ ಓಡುತ್ತಿರುವುದನ್ನು ಯಾಕೆ ಬಿಚ್ಚುತ್ತೀ ಅಂತ ಕಮಿಟಿಯವರು ಪ್ರತಿ ಸಲವೂ ಕೇಳುತ್ತಾರೆ. ಅವಳ ಹತ್ತಿರ ಉತ್ತರ ಸಿದ್ಧವಿರುತ್ತದೆ: ಬಸ್ಸು ಕೆಟ್ಟು ನಿಂತರೆ ಜನ ಕೆಳಗಿಳಿದು ಬೈತಾರೆ, ಇದು ಕೆಟ್ಟು ನಿಂತರೆ ಎಲ್ಲಿ ಇಳಿದು ಬೈಯೋದು? ಹಳೇ ಎಣ್ಣೆ ಬಸಿಯಬೇಕು. ಎಣ್ಣೆ ಸೋಸುವ ಫಿಲ್ಟರನ್ನು ತೆಗೆದು, ಡಬ್ಬಿ ಕತ್ತರಿಸಿದ ಹಾಗೆ ಕತ್ತರಿಸಿ, ಒಳಗಿನ ಮಡಿಕೆಗಳಲ್ಲಿ ಲೋಹದ ಚೂರು ಹೊಳೆಯುತ್ತದೋ ಅಂತ ಬಿಸಿಲಿಗೆ ಹಿಡಿದು ನೋಡಬೇಕು. ಪ್ಲಗ್ಗು, ಕಾರ್ಬೊರೇಟರು, ರಬ್ಬರ್ ಕೊಳವೆ, ಒಂದೊಂದು ನಟ್ಟು, ಎಲ್ಲವನ್ನೂ ಮುಟ್ಟಿ ನೋಡಬೇಕು. ಕೊನೆಗೆ ಹೊಸ ಎಣ್ಣೆ ಹಾಕಿ, ಫ್ಯಾನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತಾ ಹೋಗಬೇಕು. ಎಂಜಿನ್ನಿನ ತಳದಲ್ಲಿ ಉಳಿದ ಎಣ್ಣೆಯೆಲ್ಲ ಮೇಲಿನ ಟ್ಯಾಂಕಿಗೆ ಬಂದು ಸೇರಿದ ಮೇಲೆ, ಅದರ ಹಿಂದೆಯೇ ಗಾಳಿ ನುಗ್ಗಿ ಟ್ಯಾಂಕಿನೊಳಗಿಂದ ‘ಗುಳಕ್’ ಅಂತ ಒಂದು ಶಬ್ದ ಬರುತ್ತದೆ. ಹೊಟ್ಟೆ ತುಂಬ ಉಂಡವನು ತೇಗಿದ ಹಾಗೆ. ಆ ತೇಗು ಬರುವ ತನಕ ಎಣ್ಣೆಯ ಮಟ್ಟ ನೋಡುವಂತಿಲ್ಲ, ನೋಡಿದರೂ ಅದು ಸುಳ್ಳು ಹೇಳುತ್ತದೆ. ತಿರುಗಿಸುವುದು ಮಾತ್ರ ಒಂದೇ ದಿಕ್ಕಿಗೆ. ಉಲ್ಟಾ ತಿರುಗಿಸಿದರೆ ಎಣ್ಣೆಯ ದಾರಿಯೊಳಗೆ ಗಾಳಿ ಹೋಗಿ ಕೂರುತ್ತದೆ. ಅದಕ್ಕೇ ಫ್ಯಾನಿನ ಎದುರು ಗೋಡೆಗೆ ಅವಳೇ ಬಣ್ಣದಲ್ಲಿ ಬರೆದಿದ್ದಳು: ಫ್ಯಾನ್ ಮುಟ್ಟಬೇಡಿ. ಯಾಕೆ ಅಂತ ಬರೆದಿರಲಿಲ್ಲ. ಬೋರ್ಡು ಹಾಕುವವರು ಯಾಕೆ ಅಂತ ಯಾವತ್ತೂ ಬರೆಯುವುದಿಲ್ಲ, ಅದೇ ಬೋರ್ಡುಗಳ ರೋಗ.

ಅವಳ ಗಂಡ ಟೈಲರು. ಸಿದ್ಧ ಉಡುಪಿನ ಅಂಗಡಿಗಳು ಬಂದು ಪೇಟೆಯ ಅಂಗಡಿಗೆ ಗಿರಾಕಿ ಕಡಿಮೆಯಾದಾಗ ಹೊಲಿಗೆ ಮೆಷಿನ್ನನ್ನು ಇದೇ ಶೆಡ್ಡಿನ ಮೂಲೆಗೆ ತಂದಿಟ್ಟುಕೊಂಡ. ಸೀಟಿನ ಹೊದಿಕೆ, ರೆಕ್ಕೆಗೆ ಮುಚ್ಚುವ ಬಟ್ಟೆ, ಏನು ಹರಿದರೂ ಅವನೇ. ಮಾತು ಕಡಿಮೆ, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಇವರಿಗೆ ಒಬ್ಬನೇ ಮಗ, ಲಾರಿ ಓಡಿಸುತ್ತಾನೆ. ಬಲ್ಬು ಬದಲಿಸಲು ಸ್ಟೂಲು ಹತ್ತಿದರೆ ಅವನಿಗೆ ತಲೆ ಸುತ್ತುತ್ತದೆ. ಅಂಥವನು ಇಷ್ಟಪಟ್ಟು ಕಟ್ಟಿಕೊಂಡದ್ದು ಇದೇ ಕ್ಲಬ್ಬಿನಲ್ಲಿ ವಿಮಾನ ಹಾರಿಸುವ ಹುಡುಗಿಯನ್ನು. ಮದುವೆಯಾದ ಹೊಸದರಲ್ಲಿ ನಿಲ್ಸಮ್ಮ ಸೊಸೆಯನ್ನು ಪೈಲಟಮ್ಮ ಅಂತಲೇ ಕರೆಯುತ್ತಿದ್ದಳು, ಅದೂ ಅಡುಗೆಮನೆಯಲ್ಲಿ ಹಾಲು ಉಕ್ಕಿದಾಗ. ಮೋಡದ ಮೇಲೆ ದಾರಿ ಹುಡುಕುವವಳಿಗೆ ಒಲೆಯ ಮೇಲಿನ ಪಾತ್ರೆ ಕಾಣುವುದಿಲ್ಲ ಅಂತ ಕುಟುಕುತ್ತಿದ್ದಳು. ಸೊಸೆಯೂ ಬಿಡುವವಳಲ್ಲ. ನಿಮ್ಮ ಕೈಯ ಗ್ರೀಸು ಚಪಾತಿಗೆ ಹತ್ತದ ದಿನ ಹೇಳಿ ಅತ್ತೆ, ಹಾಲು ನಾನೇ ನೋಡ್ಕೋತೀನಿ ಅನ್ನುತ್ತಿದ್ದಳು. ಮನೆಯಲ್ಲಿ ಇಬ್ಬರಿಗೂ ದಿನಕ್ಕೊಂದು ಜಗಳವಾಗದಿದ್ದರೆ ಟೈಲರಿಗೆ ಏನೋ ಕೆಟ್ಟದ್ದಾಗಿದೆ ಅನಿಸುತ್ತಿತ್ತು.

ಈ ಸಲದ ನೂರು ಗಂಟೆ ಬಂದು ನಿಂತದ್ದು ಸರಿಯಾಗಿ ಸೊಸೆಯ ಪರೀಕ್ಷೆಯ ದಿನಕ್ಕೇ. ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದ ಹಳೇ ಮೇಷ್ಟ್ರು ಕಣ್ಣು ಮಂಜಾಯಿತೆಂದು ಬಿಟ್ಟುಹೋಗಿದ್ದರು. ಆ ಜಾಗಕ್ಕೆ ಬರಬೇಕಾದರೆ ಸೊಸೆ ದೊಡ್ಡ ಪರೀಕ್ಷಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿ ಪಾಸಾಗಬೇಕು. ಆ ಮನುಷ್ಯ ಸಿಗುವುದೇ ಅಪರೂಪ, ಬಂದರೆ ಒಂದು ಮಧ್ಯಾಹ್ನ ಇರುತ್ತಾನೆ, ಬಿಸಿಲು ಇಳಿಯುವುದರೊಳಗೆ ಹಾರಾಟ ಮುಗಿಯಬೇಕು. ಇವತ್ತು ತಪ್ಪಿದರೆ ಕಮಿಟಿಯವರು ಹೊರಗಿನ ಒಬ್ಬನನ್ನು ಆಗಲೇ ನೋಡಿಟ್ಟಿದ್ದಾರೆ. ಅಭ್ಯಾಸಕ್ಕೆಂದು ಸೊಸೆ ಹಾರಿದ ಹಾರಾಟದಲ್ಲೇ ಗಂಟೆಗಳು ತುಂಬಿದ್ದವು, ಇನ್ನು ಸರ್ವಿಸ್ ಆಗದೆ ವಿಮಾನ ಮೇಲೇಳುವಂತಿಲ್ಲ. ನಿಲ್ಸಮ್ಮ ಬೆಳಗ್ಗೆಯೇ ಶುರು ಮಾಡಿದಳು. ಊಟದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಹಳೇ ಎಣ್ಣೆ ಬಸಿದಿತ್ತು, ಹಳೇ ಫಿಲ್ಟರು ಕತ್ತರಿಸಿ ನೋಡಿಯಾಗಿತ್ತು, ಒಂದು ಚೂರೂ ಹೊಳೆಯಲಿಲ್ಲ. ಹೊಸ ಫಿಲ್ಟರು ಕೊರಿಯರಿನಲ್ಲಿ ಬಂದು ಗೇಟಿನಲ್ಲಿದೆ ಅಂತ ವಾಚ್‌ಮನ್ ಕೂಗಿದ. ಎಂಜಿನ್ನನ್ನು ಹಾಗೇ ಬಾಯಿ ತೆರೆದ ಹಾಗೆ ಬಿಟ್ಟು, ಕೈ ಒರೆಸಿಕೊಳ್ಳುತ್ತಾ ಹೋದಳು.

ತಿರುಗಿ ಬಂದಾಗ ಫ್ಯಾನಿನ ಮೇಲೆ ಕೆಂಪು ಬಟ್ಟೆ ಇತ್ತು.

ಹೊಸ ಹೊದಿಕೆ. ಫ್ಯಾನಿನ ಎರಡು ರೆಕ್ಕೆಗೂ ಉದ್ದನೆಯ ಚೀಲ, ನಡುವಿನಲ್ಲಿ ಟೋಪಿಯ ಹಾಗೆ ಗುಂಡಗೆ, ಅಂಚಿಗೆ ಬಿಳಿ ಪಟ್ಟಿ. ಟೈಲರು ಪಕ್ಕದಲ್ಲಿ ನಿಂತು, ಗಿರಾಕಿಗೆ ಮೊದಲ ಸಲ ಅಂಗಿ ತೊಡಿಸಿ ನೋಡುವವನ ಹಾಗೆ ತಲೆ ಓರೆ ಮಾಡಿದ್ದ. ಸೊಸೆ ಪಾಸಾಗಿ ಇಳಿದ ಮೇಲೆ ಹಾಕೋಣ ಅಂತ ಗುಟ್ಟಾಗಿ ಹೊಲಿದಿದ್ದನಂತೆ, ಅಳತೆ ಸರಿಯಿದೆಯೋ ನೋಡಲು ಈಗ ಹಾಕಿದನಂತೆ. ಅವಳ ಕಣ್ಣು ಮಾತ್ರ ಬಟ್ಟೆಯ ಮೇಲಿರಲಿಲ್ಲ. ಅವಳು ಹೋಗುವಾಗ ಫ್ಯಾನಿನ ಒಂದು ರೆಕ್ಕೆ ಮೇಲಕ್ಕೆ ನೆಟ್ಟಗೆ ನಿಂತಿತ್ತು. ಈಗ ಅಡ್ಡಕ್ಕೆ ಮಲಗಿತ್ತು.

ಯಾರು ತಿರುಗಿಸಿದ್ದು ಅಂತ ಕೇಳುವ ಅಗತ್ಯವೇ ಇರಲಿಲ್ಲ.

“ಇದನ್ನ ಮುಟ್ಟಬೇಡಿ ಅಂತ ಗೋಡೆ ತುಂಬ ಬರೆದಿದೀನಲ್ರೀ.”

“ಬೆರಳು ಹೋಗುತ್ತೆ ಅಂತ ತಾನೇ ಬರೆದಿರೋದು? ಕೀ ತೆಗೆದು ಜೇಬಲ್ಲಿಟ್ಕೊಂಡೇ ಮುಟ್ಟಿದ್ದು ಕಣೇ, ನಾನೇನು ಮಗುನಾ?” ಅಂದು ಅವನು ಜೇಬಿನಿಂದ ಕೀ ತೆಗೆದು ತೋರಿಸಿದ. ಮೇಲಿನ ರೆಕ್ಕೆಯ ತುದಿ ಕೈಗೆ ಎಟುಕಲಿಲ್ಲ, ಸ್ವಲ್ಪ ತಿರುಗಿಸಿ ಅಡ್ಡ ಮಾಡಿಕೊಂಡೆ, ಎರಡು ಸುತ್ತು ಜಾಸ್ತಿಯೂ ಹೋಯಿತು ಅಂತ ತಾನಾಗಿಯೇ ಹೇಳಿದ. ಅವಳು ಯಾವ ಕಡೆಗೆ ತಿರುಗಿಸಿದಿರಿ ಅಂತ ಕೇಳಿದಳು. ಅವನು ಬಲಕ್ಕೆ ಅಂದ, ಆಮೇಲೆ ಎಡಕ್ಕಿರಬಹುದು ಅಂದ. ತಿರುಗಿಸುವಾಗ ಯಾವ ಕಡೆ ಅಂತ ಯಾರು ನೋಡುತ್ತಾರೆ ಅಂದ. ನಿಂತಿದ್ದ ಜಾಗ ಮಾತ್ರ ನೆನಪಿತ್ತು: ಪೈಲಟ್ ಕೂರುವ ಕಡೆ.

ನಿಲ್ಸಮ್ಮ ಬೈಯಲಿಲ್ಲ. ಬೈಯುತ್ತಾ ಕೂತರೆ ಹೊತ್ತು ಹೋಗುತ್ತದೆ, ಉತ್ತರ ಬರುವುದಿಲ್ಲ. ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋಗಿ ಹೊಲಿಗೆ ಮೆಷಿನ್ನಿನ ಮುಂದೆ ಕೂರಿಸಿದಳು. ಒಂದು ತುಂಡು ಬಟ್ಟೆ ಸೂಜಿಯ ಕೆಳಗಿಟ್ಟು, ಹೊಲಿಯಿರಿ ಅಂದಳು. ಅವನು ಇವಳಿಗೆ ತಲೆ ಕೆಟ್ಟಿತೆಂದು ಒಮ್ಮೆ ನೋಡಿ, ಕಾಲು ಪೆಡಲಿನ ಮೇಲಿಟ್ಟ. ಬಲಗೈ ತನ್ನಷ್ಟಕ್ಕೆ ತಾನೇ ಪಕ್ಕದ ಚಕ್ರದ ಮೇಲೆ ಹೋಯಿತು, ಮೇಲಿನಿಂದ ತನ್ನ ಕಡೆಗೆ ಎಳೆಯಿತು. ಮೆಷಿನ್ನು ಓಡಿತು. ಅವಳು ನಿಲ್ಲಿಸಿ ಅಂದಳು. ಮತ್ತೆ ಶುರು ಮಾಡಿ ಅಂದಳು. ಮತ್ತೆ ಅದೇ ಕೈ, ಅದೇ ಎಳೆತ, ತನ್ನ ಕಡೆಗೆ. ಹೊಲಿಗೆ ಮೆಷಿನ್ನಿನ ಚಕ್ರವನ್ನು ಆಚೆಗೆ ತಳ್ಳಿದರೆ ನೂಲು ಸಿಕ್ಕಾಗುತ್ತದೆ, ಅದಕ್ಕೇ ಮೀಸೆ ಮೂಡುವ ಮೊದಲೇ ಅವನ ಕೈಗೆ ಈ ಪಾಠ ಹತ್ತಿತ್ತು. ಜೀವಮಾನವಿಡೀ ದುಂಡಗಿರುವ ಏನು ಸಿಕ್ಕರೂ ಆ ಕೈ ತನ್ನ ಕಡೆಗೇ ಎಳೆದಿದೆ. ಪೈಲಟ್ ಕೂರುವ ಕಡೆ ನಿಂತು ಮೇಲಿನ ರೆಕ್ಕೆಯನ್ನು ತನ್ನ ಕಡೆಗೆ ಎಳೆದರೆ ಫ್ಯಾನು ತಿರುಗುವುದು ಉಲ್ಟಾ.

ಫಿಲ್ಟರು ಬಿಚ್ಚಿಟ್ಟಾಗಲೇ ಉಲ್ಟಾ. ಎಣ್ಣೆಯ ದಾರಿಯೊಳಗೆ ಗಾಳಿ ಹೋಗಿರಲಿಕ್ಕೆ ಸಾಕು.

ಎಂಜಿನ್ನಿನ ಒಂದೊಂದು ವಾಲ್ವನ್ನು ಒತ್ತಿ ತೆರೆಯುವ ತೋಳಿನ ಹಿಂದೆ ಟ್ಯಾಪೆಟ್ ಅಂತ ಒಂದು ಸಣ್ಣ ಗುಂಡು ತುಣುಕು ಇರುತ್ತದೆ. ಅದರೊಳಗೆ ಎಣ್ಣೆ ತುಂಬಿಕೊಂಡು ಕಲ್ಲಿನ ಹಾಗೆ ಗಟ್ಟಿಯಾಗಿ ನಿಲ್ಲಬೇಕು. ಎಣ್ಣೆಯ ಜಾಗದಲ್ಲಿ ಗಾಳಿ ಕೂತರೆ ಅದು ಮೆತ್ತಗಾಗುತ್ತದೆ, ವಾಲ್ವು ಸರಿಯಾಗಿ ತೆರೆಯದೆ ಒಳಗೆ ಬಡಿದುಕೊಳ್ಳತೊಡಗುತ್ತದೆ. ಬಹಳ ಸಲ ಏನೂ ಆಗುವುದಿಲ್ಲ. ಆದರೆ ಆಗುವ ಒಂದು ಸಲ ಸೀಟಿನಲ್ಲಿ ಯಾರು ಕೂತಿರುತ್ತಾರೆ ಅನ್ನುವುದು ಎಂಜಿನ್ನಿಗೆ ಗೊತ್ತಿರುವುದಿಲ್ಲ. ಇವತ್ತು ಕೂರುವವಳು ಮಾತ್ರ ಯಾರು ಅಂತ ನಿಲ್ಸಮ್ಮನಿಗೆ ಗೊತ್ತಿತ್ತು.

ಪರೀಕ್ಷಕನ ಕಾರು ಬಂದು ನಿಂತದ್ದು ಆಗಲೇ. ಅವನ ಹಿಂದೆಯೇ ಸೊಸೆ ಶೆಡ್ಡಿಗೆ ಬಂದಳು. ಇಸ್ತ್ರಿ ಮಾಡಿದ ಅಂಗಿ, ಬಿಗಿಯಾಗಿ ಕಟ್ಟಿದ ಕೂದಲು, ಬೆಳಗ್ಗೆಯಿಂದ ಏನೂ ತಿನ್ನದ ಮುಖ. ನಿಲ್ಸಮ್ಮ ಸುತ್ತಿ ಬಳಸದೆ ನಡೆದದ್ದು ಹೇಳಿದಳು. ಹೊಸ ಫಿಲ್ಟರು ಹಾಕಿ, ಎಣ್ಣೆ ತುಂಬಿ, ಪ್ಲಗ್ಗು ಬಿಚ್ಚಿ, ಬೆಂಕಿ ಹತ್ತಿಸದೆ ಬರೀ ಸ್ಟಾರ್ಟರಿನಿಂದ ಎಂಜಿನ್ ಸುತ್ತಿಸಬೇಕು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಎದ್ದ ಮೇಲೂ ವಾಲ್ವಿನ ಮುಚ್ಚಳಗಳನ್ನೆಲ್ಲ ತೆಗೆದು ಒಂದೊಂದೇ ಟ್ಯಾಪೆಟ್ ಒತ್ತಿ ನೋಡಬೇಕು. ಅದಕ್ಕೆ ಹೊತ್ತು ಹಿಡಿಯುತ್ತದೆ. ಎಷ್ಟು ಅಂತ ಸೊಸೆ ಕೇಳಿದಳು. ಆಗುವಷ್ಟು ಅಂದಳು ಅತ್ತೆ.

ಸೊಸೆ ಹೊರಗೆ ಬಿಸಿಲನ್ನು ನೋಡಿದಳು. ಮಾವನನ್ನು ನೋಡಿದಳು. ಅವನು ಟೇಪನ್ನು ಕೈಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದ. ಆಮೇಲೆ ಅವಳು ದನಿ ತಗ್ಗಿಸಿ, ಆದರೆ ಹಲ್ಲು ಕಚ್ಚಿ ಹೇಳಿದಳು:

“ಅತ್ತೆ, ನಿಜ ಹೇಳಿ. ಇದನ್ನ ಬಿಚ್ಚಲೇಬೇಕಾ, ಇಲ್ಲ ನಾನು ಪಾಸಾಗೋದು ನಿಮಗೆ ಇಷ್ಟ ಇಲ್ವಾ?”

“ನೀನು ಫೇಲಾದ್ರೆ ಮನೇಲಿ ಕೂತು ದಿನಾ ನನ್ನ ತಲೆ ತಿಂತೀಯ. ಅದು ನನಗೆ ಬೇಕಾ? ಟಾರ್ಚು ಹಿಡಿ, ಇಲ್ಲ ಆಚೆ ಹೋಗು.”

ಸೊಸೆ ಟಾರ್ಚು ಹಿಡಿಯಲಿಲ್ಲ. ಕಾಲು ಅಪ್ಪಳಿಸುತ್ತಾ ಆಚೆ ಹೋದಳು. ಟಾರ್ಚನ್ನು ಟೈಲರು ಎತ್ತಿಕೊಂಡ. ಬೆಳಕು ಎಂಜಿನ್ನಿನ ಮೇಲೆಲ್ಲ ಕುಣಿಯುತ್ತಿತ್ತು. ಸುಮ್ಮನೆ ಮೇಜಿನ ಮೇಲಿಡಿ, ಮೇಜು ನಿಮಗಿಂತ ಗಟ್ಟಿ ಅಂತ ಅವಳು ಗದರಿದಳು. ಗದರಿದ್ದರಿಂದ ಅವನಿಗೆ ಸ್ವಲ್ಪ ಧೈರ್ಯ ಬಂತು. ಇವಳು ಗದರದೆ ಸುಮ್ಮನಿದ್ದಾಗಲೇ ಅವನು ಹೆಚ್ಚು ಹೆದರುವುದು.

ಫಿಲ್ಟರು ಕೂತಿತು, ಎಣ್ಣೆ ತುಂಬಿತು. ಗಂಡನ ಕೈಯಿಂದ ಕೀ ಇಸಿದುಕೊಂಡು ಕಾಕ್‌ಪಿಟ್ಟಿಗೆ ಹತ್ತಿ ಸ್ಟಾರ್ಟರು ಒತ್ತಿದಳು. ಪ್ಲಗ್ಗಿಲ್ಲದ ಎಂಜಿನ್ನು ಹಲ್ಲಿಲ್ಲದ ಮುದುಕನ ಹಾಗೆ ಬುಸುಬುಸು ಅಂದಿತು, ಕೆಲಸ ಮಾಡಲಿಲ್ಲ. ಮುಳ್ಳು ಏಳಲಿಲ್ಲ. ಸ್ಟಾರ್ಟರು ಬಿಸಿಯಾಗದಂತೆ ಬಿಟ್ಟು, ಮತ್ತೆ ಒತ್ತಿದಳು. ಇನ್ನೂ ಏಳಲಿಲ್ಲ. ಮತ್ತೊಮ್ಮೆ ಒತ್ತಿದಾಗ ಮುಳ್ಳು ಒಮ್ಮೆ ಅದುರಿ, ಎದ್ದು ನಿಂತಿತು. ಹೊರಗಿನವರಿಗೆ ಇಷ್ಟು ಸಾಕಿತ್ತು. ಅವಳಿಗೆ ಸಾಕಾಗಲಿಲ್ಲ. ಮೊದಲ ಮುಚ್ಚಳದ ಬೋಲ್ಟಿಗೆ ಸ್ಪ್ಯಾನರು ಹಾಕಿದಳು.

ಆಫೀಸಿನ ತಗಡಿನ ಗೋಡೆಯಾಚೆಯಿಂದ ಮಾತು ಕೇಳಿಸತೊಡಗಿದ್ದು ಆಗ. ಪರೀಕ್ಷಕ ಚಹಾದ ಲೋಟ ಕುಕ್ಕಿದ ಸದ್ದು ಕೇಳಿತು. ತಾನು ಇನ್ನೊಂದು ಕಡೆಗೂ ಹೋಗಬೇಕಾದವನು, ಒತ್ತಡ ಬಂತು ಅಂತ ವಾಚ್‌ಮನ್ನೇ ಬಂದು ಹೇಳಿದ್ದಾನೆ, ಇನ್ನು ಕಾಯುವುದು ಯಾತಕ್ಕೆ, ಮುಚ್ಚಿ ಹೊರಡೋಣ ಅಂತ ಅವನು ಹೇಳುತ್ತಿದ್ದ. ತಾನು ಇಂಥ ಎಂಜಿನ್ನುಗಳನ್ನು ಬೇಕಾದಷ್ಟು ನೋಡಿದ್ದೇನೆ, ತಾನೇ ಪಕ್ಕದಲ್ಲಿ ಕೂರುವವನಲ್ಲವೇ ಅಂದ. ನಿಲ್ಸಮ್ಮನ ಸ್ಪ್ಯಾನರು ನಿಂತಿತು. ಸೊಸೆ ಈಗ ಬಂದು ‘ಅತ್ತೆ, ಮುಚ್ಚಿ’ ಅನ್ನುತ್ತಾಳೆ ಅಂದುಕೊಂಡಳು. ಅಂದರೆ ಏನು ಮಾಡುವುದು ಅಂತಲೂ ಯೋಚಿಸಿದಳು. ಚಕ್ರಕ್ಕೆ ಬೆನ್ನು ಕೊಟ್ಟು ಕೂರಲು ಈಗ ಮಂಡಿ ಒಪ್ಪುವುದಿಲ್ಲ.

“ಅವರು ಹೂಂ ಅನ್ನೋ ತನಕ ನಾನು ಹತ್ತಲ್ಲ ಸಾರ್,” ಅಂತ ಸೊಸೆಯ ದನಿ ಕೇಳಿತು.

“ಅವರು ಅಂದ್ರೆ ಯಾರಮ್ಮ?”

“ಮೆಕಾನಿಕ್ಕು. ನಮ್ಮತ್ತೆ.”

“ಅತ್ತೆಗೆ ಹೆದರೋ ಪೈಲಟ್ಟಾ ನೀನು?”

“ಮನೇಲಿ ಹೆದರಲ್ಲ ಸಾರ್. ಇಲ್ಲಿ ಹೆದರ್ತೀನಿ.”

ಗೋಡೆಯಾಚೆ ಕುರ್ಚಿ ಕಿರ್ರೆಂದಿತು, ಹೊತ್ತು ಮುಳುಗಿದರೆ ನನ್ನ ಮೇಲೆ ಬೇಜಾರು ಮಾಡ್ಕೋಬೇಡ ಅಂತ ಪರೀಕ್ಷಕ ಗೊಣಗಿದ. ಈಚೆ ಟೈಲರು ಹೆಂಡತಿಯ ಮುಖ ನೋಡಿದ. ಅವಳು ಮುಖ ಎಂಜಿನ್ನಿನೊಳಗೆ ಹುದುಗಿಸಿದ್ದಳು, ಏನು ನೋಡ್ತೀರಿ, ಬಟ್ಟೆ ಕೊಡಿ ಅಂದಳು.

ಮುಚ್ಚಳ ತೆಗೆದು, ಹೆಬ್ಬೆರಳಿನಿಂದ ತೋಳಿನ ತುದಿಯನ್ನು ಒತ್ತಿ ಹಿಡಿದಳು. ಅಲುಗಲಿಲ್ಲ. ಕಲ್ಲು. ಅದರ ಪಕ್ಕದ್ದು, ಅದೂ ಕಲ್ಲು. ಮುಂದಿನ ಸಿಲಿಂಡರು, ಆಚೆ ಬದಿಯದು, ಒಂದೊಂದೇ ಒತ್ತುತ್ತಾ ಹೋದಳು. ಎಲ್ಲವೂ ಗಟ್ಟಿ. ಟೈಲರು ಮನಸ್ಸಿನಲ್ಲೇ ಗೆಲುವಾಗುತ್ತಾ ಬಂದ. ಕೊನೆಯದು ಹಿಂದುಗಡೆ, ಕೊಳವೆಗಳ ಸಂದಿಯಲ್ಲಿ, ಕೈ ತೂರಿಸಲೂ ಕಷ್ಟ. ಮೊಣಕೈ ತರಚಿಕೊಂಡು ಒತ್ತಿದಳು. ಅದು ಕುಸಿಯಿತು. ಮಾಗಿದ ಹಣ್ಣಿನ ಹಾಗೆ ಹೆಬ್ಬೆರಳಿನ ಕೆಳಗೆ ಮೆತ್ತಗೆ ಒಳಗೆ ಹೋಯಿತು.

ಅವಳು ಗಂಡನ ಬೆರಳು ಹಿಡಿದು, ಸಂದಿಯೊಳಗೆ ತೂರಿಸಿ, ಅದರ ಮೇಲಿಟ್ಟು ಒತ್ತಿಸಿದಳು. ಸೂಜಿ ಚುಚ್ಚಿ ಚುಚ್ಚಿ ತೂತಾದ ಬೆರಳು ಅದು. ಬಟ್ಟೆಯ ನೂಲು ಎಷ್ಟು ಬಿಗಿ ಅಂತ ಮುಟ್ಟಿಯೇ ಹೇಳುವಂಥದ್ದು. ಒಳಗೆ ಹೋದದ್ದು ಅದಕ್ಕೂ ತಿಳಿಯಿತು. ಟೈಲರು ನೇರವಾಗಿ ಆಫೀಸಿಗೆ ಹೋದ. ಪರೀಕ್ಷಕನ ಎದುರೇ ಸೊಸೆಗೆ, ಒಂದು ಮೆತ್ತಗಿದೆ, ಅದು ನನ್ನಿಂದಾದದ್ದು, ನಿನ್ನ ಅತ್ತೆಯ ಮೇಲೆ ಸಿಟ್ಟಾಗಬೇಡ ಅಂತ ಹೇಳಿ, ಯಾರ ಉತ್ತರಕ್ಕೂ ಕಾಯದೆ ವಾಪಸು ಬಂದ. ಹಿಂದೆಯೇ ಸೊಸೆ ಬಂದಳು. ಅಂಗಿಯ ತೋಳು ಮಡಚಿ, ಮೇಜಿನ ಮೇಲಿದ್ದ ಟಾರ್ಚು ಎತ್ತಿ, ಕೊನೆಯ ಸಂದಿಗೆ ಬೆಳಕು ಹಿಡಿದಳು. ಇಸ್ತ್ರಿ ಅಂಗಿಗೆ ಎಣ್ಣೆ ಹತ್ತಿತು.

ನಿಲ್ಸಮ್ಮ ಮತ್ತೆ ಸ್ಟಾರ್ಟರು ಒತ್ತಿ ಸುತ್ತಿಸಿದಳು, ನಿಲ್ಲಿಸಿದಳು, ಇಳಿದು ಬಂದು ಒತ್ತಿ ನೋಡಿದಳು. ಇನ್ನೂ ಸ್ವಲ್ಪ ಮೆತ್ತಗಿತ್ತು. ಮತ್ತೆ ಸುತ್ತಿಸಿದಳು. ಹೊರಗೆ ಶೆಡ್ಡಿನ ನೆರಳು ಉದ್ದವಾಗಿ ಟಾರಿನ ಪಟ್ಟಿಯ ಅಂಚು ಮುಟ್ಟಿತ್ತು. ಪರೀಕ್ಷಕ ಬಾಗಿಲಲ್ಲಿ ಬಂದು ನಿಂತ, ಗಡಿಯಾರ ನೋಡಿಕೊಂಡ, ಬಾಯಿ ತೆರೆದ, ಮೂವರ ಬೆನ್ನು ನೋಡಿ ಮುಚ್ಚಿಕೊಂಡ. ನಿಲ್ಸಮ್ಮ ಸಂದಿಯೊಳಗೆ ಕೈ ತೂರಿಸಿ ಹೆಬ್ಬೆರಳು ಒತ್ತಿದಳು, ಬಲ ಹಾಕಿ ಒತ್ತಿದಳು, ಒತ್ತಿ ಹಿಡಿದೇ ಇದ್ದಳು.

ಅಲುಗಲಿಲ್ಲ.

ಮುಚ್ಚಳಗಳು ಕೂತವು, ಪ್ಲಗ್ಗುಗಳು ಕೂತವು. ಕೀ ತೆಗೆದು ಸೊಸೆಯ ಕೈಗೆ ಕೊಟ್ಟು, ನಿಲ್ಸಮ್ಮ ಫ್ಯಾನನ್ನು ಸರಿಯಾದ ದಿಕ್ಕಿಗೆ ಮೆಲ್ಲಗೆ ತಿರುಗಿಸತೊಡಗಿದಳು. ಪರೀಕ್ಷಕನೂ ಕಿವಿ ಕೊಟ್ಟ. ಟ್ಯಾಂಕು ಬಹಳ ಹೊತ್ತು ಬಿಗುಮಾನ ಮಾಡಿ, ಕೊನೆಗೆ ‘ಗುಳಕ್’ ಅಂದಿತು. ಟೈಲರು, ಊಟ ಮಾಡಿದ್ದು ತಾನೇ ಅನ್ನುವ ಹಾಗೆ ಹೊಟ್ಟೆ ನೀವಿಕೊಂಡ. ಹೊರಗೆ ತಳ್ಳಿ, ಎಂಜಿನ್ ಹೊತ್ತಿಸಿ, ಸೋರುವುದಿಲ್ಲ ಬಡಿಯುವುದಿಲ್ಲ ಅಂತ ಕೇಳಿ, ನಿಲ್ಲಿಸಿ, ಮತ್ತೊಮ್ಮೆ ಸುತ್ತಲೂ ನೋಡಿ, ಎಂಜಿನ್ನಿನ ಹೊರಕವಚದ ತಿರುಪು ಹಾಕಿ, ಸರ್ವಿಸ್ ಪುಸ್ತಕಕ್ಕೆ ಸಹಿ ಮಾಡಿದಳು. ಸೊಸೆ ಅವಳ ಮುಖವನ್ನೇ ನೋಡುತ್ತಿದ್ದಳು.

“ಹೂಂ,” ಅಂದಳು ನಿಲ್ಸಮ್ಮ.

ವಿಮಾನ ಎದ್ದಿತು. ಬಯಲಿನ ಮೇಲೆ ಒಂದು ಸುತ್ತು ಹಾಕಿ ದೂರ ಹೋಯಿತು. ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಬಾಗಿಲಲ್ಲಿ, ಮಗುಚಿಟ್ಟ ಎಣ್ಣೆಯ ಡಬ್ಬಗಳ ಮೇಲೆ ಕೂತರು. ಸದ್ದು ಸರಿಯಿದೆಯಾ ಅಂತ ಟೈಲರು ಕೇಳಿದ. ಸರಿಯಿದೆ ಅಂದಳು. ಸದ್ದು ಕಡಿಮೆಯಾಯಿತಲ್ಲ ಅಂದ. ದೂರ ಹೋದರೆ ಕಡಿಮೆಯಾಗದೆ ಇನ್ನೇನು ಅಂದಳು. ಅವನು ಮತ್ತೆ ಮತ್ತೆ ಕೇಳಿದ, ಅವಳು ಮತ್ತೆ ಮತ್ತೆ ಹೇಳಿದಳು. ಅವನಿಗೆ ಹೇಳುವ ನೆಪದಲ್ಲಿ ತನಗೂ ಹೇಳಿಕೊಂಡಳು. ಇಬ್ಬರಿಗೂ ಆಗ ನೆನಪಾಯಿತು, ಮಧ್ಯಾಹ್ನದ ಬುತ್ತಿ ಬಿಚ್ಚಿಯೇ ಇರಲಿಲ್ಲ. ಬಿಚ್ಚಿ ಒಂದೇ ಡಬ್ಬಿಯಲ್ಲಿ ಕೈ ಹಾಕಿದರು, ಆಕಾಶದಿಂದ ಕಣ್ಣು ತೆಗೆಯದೆ. ಚಪಾತಿಗೆ ಗ್ರೀಸು ಹತ್ತಿತು. ಯಾರೂ ಗಮನಿಸಲಿಲ್ಲ.

ಬಿಸಿಲು ಕೆಂಪಾಗುವ ಹೊತ್ತಿಗೆ ಅದು ತಿರುಗಿ ಬಂತು. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ, ಅಷ್ಟು ಮೆತ್ತಗೆ. ಪರೀಕ್ಷಕ ಇಳಿದ, ಬೆನ್ನು ನೆಟ್ಟಗೆ ಮಾಡಿಕೊಂಡ, ರೆಕ್ಕೆಯ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದ. ಕಲಿಸುವಾಗ ಇಷ್ಟು ವೇಗವಾಗಿ ಮಾತಾಡಬೇಡ, ಕಲಿಯುವವರು ಹೆದರುತ್ತಾರೆ ಅಂತ ಸೊಸೆಗೆ ಒಂದು ಬುದ್ಧಿಮಾತು ಹೇಳಿದ. ಅದು ಮನೆಯಿಂದ ಬಂದ ಚಾಳಿ ಅಂತ ಅವಳು ಹೇಳಲು ಹೋಗಿ ನುಂಗಿಕೊಂಡಳು. ಅವನು ನಿಲ್ಸಮ್ಮನ ಕಡೆ ತಲೆಯಾಡಿಸಿ, ಎಂಜಿನ್ ಚೆನ್ನಾಗಿದೆ ಅಂದು ಕಾರು ಹತ್ತಿದ. ಅಷ್ಟೇ. ಪಾಸಾದದ್ದನ್ನು ಸೊಸೆ ಮೊದಲು ಹೇಳಿದ್ದು ಮಾವನಿಗೆ, ಫೋನಿನಲ್ಲಿ ಗಂಡನಿಗೆ, ಗೇಟಿನ ವಾಚ್‌ಮನ್‌ಗೆ. ಅತ್ತೆಯ ಹತ್ತಿರ ಬಂದು ಎಣ್ಣೆ ಹತ್ತಿದ ಅಂಗಿಯ ತೋಳು ತೋರಿಸಿದಳು.

“ಇದನ್ನ ನೀವೇ ಒಗೀಬೇಕು ಅತ್ತೆ.”

“ಸೀಮೆಎಣ್ಣೇಲಿ ಉಜ್ಜು, ಹೋಗುತ್ತೆ. ಇಷ್ಟೂ ಗೊತ್ತಿಲ್ಲದವಳು ಊರಿಗೆಲ್ಲ ಕಲಿಸ್ತಾಳಂತೆ,” ಅಂದಳು ನಿಲ್ಸಮ್ಮ. ಹಾಗಂದು ಕೂತಲ್ಲೇ ಕಾಲು ಚಾಚಿ, ಗೋಡೆಗೊರಗಿ ಕಣ್ಣು ಮುಚ್ಚಿದಳು. ಬೆಳಗ್ಗೆಯಿಂದ ಕಟ್ಟಿಕೊಂಡಿದ್ದ ಹೆಗಲು ಆಗ ಸಡಿಲವಾಯಿತು.

ವಿಮಾನವನ್ನು ಒಳಗೆ ತಳ್ಳಿದ ಮೇಲೆ ಟೈಲರು ಕೆಂಪು ಹೊದಿಕೆ ಎತ್ತಿಕೊಂಡು ಬಂದ. ಕೀ ಯಾರ ಹತ್ತಿರ ಇದೆ ಅಂತ ಕೇಳಿದ. ಸೊಸೆ ಎತ್ತಿ ತೋರಿಸಿದಳು. ಪೈಲಟ್ ಕೂರುವ ಕಡೆ ಹೋಗಿ ನಿಂತ. ಅವನ ಕೈ ಮೇಲಿನ ರೆಕ್ಕೆಯ ಕಡೆಗೆ ಏಳುತ್ತಿದ್ದ ಹಾಗೆ ತಾನಾಗಿಯೇ ನಿಂತಿತು, ಹೆದರಿಕೊಂಡು ಹೆಂಡತಿಯ ಕಡೆ ನೋಡಿದ.

“ಆ ಕೈ ಇನ್ನು ಬದಲಾಗಲ್ಲ ಕಣ್ರೀ,” ಅಂದಳು ಅವಳು, ಕಣ್ಣು ಪೂರ್ತಿ ತೆರೆಯದೆ. “ನಿಲ್ಲೋ ಜಾಗ ಬದಲಾಯಿಸಿ.”

ಅವನು ವಿಮಾನದ ಮೂಗನ್ನು ಸುತ್ತಿಕೊಂಡು ಆಚೆ ಬದಿಗೆ ಹೋದ. ಮೇಲಿನ ರೆಕ್ಕೆಯನ್ನು ಎಂದಿನ ಹಾಗೆ, ತನ್ನ ಕಡೆಗೆ ಎಳೆದ. ಫ್ಯಾನು ಸರಿಯಾದ ದಿಕ್ಕಿಗೆ ಮೆಲ್ಲಗೆ ತಿರುಗಿತು. ರೆಕ್ಕೆ ಅಡ್ಡವಾದ ಮೇಲೂ ಅವನು ಬಿಡಲಿಲ್ಲ, ಇನ್ನೊಂದಿಷ್ಟು ಎಳೆದ, ಮತ್ತೊಂದಿಷ್ಟು ಎಳೆದ. ಒಳಗಿನ ಬೆಚ್ಚಗಿನ ಎಣ್ಣೆ ಸರಿದು ಟ್ಯಾಂಕು ‘ಗುಳಕ್’ ಅಂದಾಗ, ಸಾಕು ಅಂದುಕೊಂಡು ಹೊದಿಕೆ ತೊಡಿಸಿದ. ಅಳತೆ ಸರಿಯಾಗಿತ್ತು.